ದೊಡ್ಡೋರಿಗೆ ತೋರಿಸುವ ಸೀರೆ

ಕೋಲಾರದ ಪೇಟೆಯಲ್ಲಿ ಸೀರೆ ಅಂಗಡಿಯ ಜಮಖಾನದ ಮೇಲೆ ಕೂತ ಕೂಡಲೇ ಮಾರುವ ಹುಡುಗ ಕೇಳುವುದು ಎಷ್ಟರೊಳಗೆ ಬೇಕು ಅಂತ ಅಲ್ಲ. ಅದು ಆಮೇಲೆ. "ಯಾರಿಗಕ್ಕಾ ಸೀರೆ? ನಿಮಗಾ, ದೊಡ್ಡೋರಿಗಾ?" ಇದು ಮೊದಲು. ದೊಡ್ಡೋರಿಗೆ ಅಂದಿರೋ, ಅವನು ಮೇಲಿನ ಗೂಡುಗಳ ಕಡೆ ಕತ್ತೆತ್ತಿಯೂ ನೋಡುವುದಿಲ್ಲ. ಬಗ್ಗಿ ಕೆಳಗಿನ ಸಾಲಿನಿಂದ ಒಂದು ಕಟ್ಟು ಎಳೆದು ಮುಂದೆ ಹರವುತ್ತಾನೆ. ಬಿಸ್ಕತ್ ಬಣ್ಣ, ಈರುಳ್ಳಿ ಸಿಪ್ಪೆಯ ಬಣ್ಣ, ಬೂದಿ ಬಣ್ಣ, ಕಾಫಿಪುಡಿ ಬಣ್ಣ, ಗಂಧದ ಬಣ್ಣ, ಕೊಳ್ಳುವ ಮೊದಲೇ ಒಗೆದೊಗೆದು ಸೋತಂತಿರುವ ಒಂದು ಹಸಿರು. ಅಂಚು ಬೆರಳಗಲ. ಹೂವು ಇದ್ದರೂ ಕಂಡೂ ಕಾಣದಷ್ಟು. "ಏಜ್ಡ್‌ಗೆ ಇದೇ ಅಕ್ಕಾ ಹೋಗೋದು" ಅನ್ನುತ್ತಾನೆ. ಗಿಳಿಹಸಿರು, ರಾಣಿ ಕಲರ್, ಕನಕಾಂಬರ, ಸಾಸಿವೆ ಹೂವಿನ ಹಳದಿ, ನವಿಲುಗತ್ತಿನ ನೀಲಿ ಎಲ್ಲ ಟ್ಯೂಬ್‌ಲೈಟಿನ ಪಕ್ಕದಲ್ಲಿ ಮೇಲೆ ಹಾಯಾಗಿ ಕೂತಿರುತ್ತವೆ.

ಎರಡರ ನಡುವೆ ಇನ್ನೊಂದು ಗೂಡಿದೆ. ಅದಕ್ಕೆ ಅವನು ಹೆಸರಿಟ್ಟಿಲ್ಲ. ನನ್ನ ಮುಖವನ್ನೂ ಬೈತಲೆಯನ್ನೂ ಒಮ್ಮೆ ನೋಡಿ, ಏನೂ ಕೇಳದೆ ಅದರಿಂದಲೇ ತೆಗೆಯುತ್ತಾನೆ. ವೈನ್, ಬಾಟಲ್ ಗ್ರೀನ್, ನೇವಿ ಬ್ಲೂ, ಬದನೆಕಾಯಿ ಬಣ್ಣ. ಬಣ್ಣ ಉಟ್ಟ ಹಾಗೂ ಆಯಿತು, ಯಾರೂ ಆಡಿಕೊಳ್ಳುವ ಹಾಗಿಲ್ಲ. ಈಗಿನ ಮದುವೆ ಮನೆಗಳಲ್ಲಿ ಐವತ್ತು ದಾಟಿದ ಹೆಂಗಸರು ಸಾಲಾಗಿ ಊಟಕ್ಕೆ ಕೂತರೆ ಬದನೆ ತೋಟ ಫಸಲಿಗೆ ಬಂದ ಹಾಗೆ ಕಾಣುತ್ತದೆ.

ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಈ ಶಾಸ್ತ್ರ ಅವನು ಯಾವ ಕಾಲೇಜಿನಲ್ಲೂ ಓದಿದ್ದಲ್ಲ, ಗಿರಾಕಿಗಳು ಹೇಳಿಕೊಟ್ಟದ್ದು. ಅತ್ತೆಗೆ ಸೀರೆ ಕೊಳ್ಳಲು ಬಂದ ಸೊಸೆಯಂದಿರು, ಅಮ್ಮನಿಗೆ ಕೊಳ್ಳಲು ಬಂದ ಹೆಣ್ಣುಮಕ್ಕಳು, ಮದುವೆಯ ಅಜ್ಜಿ ಸೀರೆಗೆ ಬಂದ ಬೀಗರು, ಎಲ್ಲರೂ ಸೇರಿ ಆ ಗೂಡುಗಳನ್ನು ಜೋಡಿಸಿಕೊಟ್ಟಿದ್ದೇವೆ.

ನಮ್ಮ ಕಡೆ ಬಣ್ಣ ಮೈಗೆ ಒಪ್ಪುತ್ತದೋ ಎಂದು ನೋಡುವುದು ಮದುವೆಯಾಗದ ಹುಡುಗಿಗೆ ಮಾತ್ರ. ಆಮೇಲೆ ನೋಡುವುದು ಅವಳ ಜಾಗಕ್ಕೆ ಒಪ್ಪುತ್ತದೋ ಎಂದು. ಧಾರೆಗೆ ಕೆಂಪಂಚಿನ ಬಿಳಿಯದೋ ಅರಿಶಿನದ್ದೋ ಇರಬೇಕು. ಸೀಮಂತಕ್ಕೆ ಹಸಿರು ಸೀರೆ, ಹಸಿರು ಬಳೆ. ಮಕ್ಕಳು ಸಣ್ಣವರಿರುವ ತನಕ ಏನು ಉಟ್ಟರೂ ನಡೆಯುತ್ತದೆ, ಯಾಕೆಂದರೆ ಆಗ ಅವಳನ್ನು ನೋಡುವಷ್ಟು ಪುರುಸೊತ್ತು ಯಾರಿಗೂ ಇಲ್ಲ, ಅವಳಿಗಂತೂ ಮೊದಲೇ ಇಲ್ಲ. ಗಡಿ ಬೀಳುವುದು ಸೊಸೆ ಹೊಸಿಲು ದಾಟಿದ ದಿನ. ಅಂದಿನಿಂದ ಬೀರುವಿನ ಮೇಲಿನ ಅರೆಯಲ್ಲಿದ್ದ ರಾಣಿ ಕಲರ್ ಧರ್ಮಾವರಂ ಸೀರೆಯನ್ನು ಅತ್ತೆ ಉಟ್ಟರೆ ಸೊಸೆಯ ಜೊತೆ ಪೈಪೋಟಿಗಿಳಿದಂತೆ. ತೆಲುಗಿನ ಗಡಿಯವರಾದ ನಾವು ಅಜ್ಜಿಯನ್ನು ಅವ್ವ ಎನ್ನುತ್ತೇವೆ. ನಮ್ಮ ಅವ್ವ ತನ್ನ ಮಿರುಗುವ ಸೀರೆಗಳನ್ನೆಲ್ಲ ಹಿರೀ ಸೊಸೆಯ ಕೈಗೆ ಕೊಟ್ಟು ಮಾಸಲು ಚೌಕಳಿಯ ನೂಲಿನ ಸೀರೆಗೆ ಇಳಿದಾಗ ಅವಳಿಗೆ ನಲವತ್ತೂ ತುಂಬಿರಲಿಲ್ಲ. ಹದಿನೈದಕ್ಕೆ ಮದುವೆ, ಹದಿನೇಳಕ್ಕೆ ಮಗ, ಆ ಮಗನಿಗೆ ಇಪ್ಪತ್ತೊಂದಕ್ಕೆ ಮದುವೆ. ಲೆಕ್ಕ ಸರಿಯಾಗಿಯೇ ಇದೆ. ನಾನು ಪಾಠ ಹೇಳುವ ಶಾಲೆಯಲ್ಲಿ ಅದೇ ಪ್ರಾಯದ ಟೀಚರುಗಳು ಈಗಿನ್ನೂ ಎರಡನೆಯ ಮಗುವಿನ ಮಾತಾಡುತ್ತಿದ್ದಾರೆ.

ಗಂಡ ತೀರಿಕೊಂಡರೆ ಮಾತೇ ಬೇರೆ. ಹಲವು ಮನೆಗಳಲ್ಲಿ ಬಿಳಿ. ಅಗ್ರಹಾರದ ಕಡೆ, ತಲೆ ಬೋಳಿಸಿಕೊಂಡ ಮಡಿ ಹೆಂಗಸರಿಗೆ ಹಿಂದೆ ಕೆಂಪು. ಒಂದು ಕೇರಿಯಲ್ಲಿ ಮುತ್ತೈದೆಗೆ ಮೀಸಲಾದ ಬಣ್ಣ ಇನ್ನೊಂದು ಕೇರಿಯಲ್ಲಿ ಮುತ್ತೈದೆತನ ಕಳೆದುಹೋದವಳ ಗುರುತು. ಬಣ್ಣಕ್ಕೆ ಅದರದ್ದೇ ಆದ ಗುಣ ಏನಾದರೂ ಇದ್ದಿದ್ದರೆ ಎರಡು ಕೇರಿಗಳ ನಡುವೆ ಹೀಗೆ ತಲೆಕೆಳಗಾಗುತ್ತಿತ್ತೇ? ಊರಿನವರು ವಯಸ್ಸು ವಯಸ್ಸು ಎನ್ನುವುದು ನೆಪ. ವಯಸ್ಸಿನ ಹೆಸರಿನಲ್ಲಿ ಅಳೆಯುವುದು ಇನ್ನೇನನ್ನೋ.

ಹಾಗಾದರೆ ವಯಸ್ಸು ಬಣ್ಣವನ್ನು ಬದಲಿಸುವುದೇ ಇಲ್ಲವೇ? ಬದಲಿಸುತ್ತದೆ. ಆದರೆ ಊರು ತಳ್ಳುವ ದಿಕ್ಕಿಗಲ್ಲ, ಅದಕ್ಕೆ ನೇರ ಎದುರು ದಿಕ್ಕಿಗೆ. ನನ್ನ ತಕರಾರು ಇಷ್ಟೇ.

ವೇಮಗಲ್ಲಿನವರಾದ ನಾವು ಜವಳಿಗೆ ಕೋಲಾರಕ್ಕೋ ಚಿಂತಾಮಣಿಗೋ ಹೋಗುತ್ತೇವೆ. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಬಿಟ್ಟಿಯಾದ ಮೇಲೆ ಒಂದು ಲಂಗಕ್ಕೂ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿಬರುವವರಿದ್ದಾರೆ. ಆದರೆ ಕೊನೆಗೆ ಎಲ್ಲ ಸೀರೆಯೂ ಬಂದು ನಿಲ್ಲುವುದು ಊರಿನ ಮ್ಯಾಚಿಂಗ್ ಸೆಂಟರಿನ ಮುಂದೆ. ಫಾಲ್ಸ್, ಜಿಗ್‌ಜ್ಯಾಗ್, ಕುಚ್ಚು, ರವಿಕೆ ಕಣ. ಗೋಡೆಯುದ್ದಕ್ಕೂ ಟೂ ಬೈ ಟೂ ರುಬಿಯಾ ಬಟ್ಟೆಯ ಸುರುಳಿಗಳು. ಒಂದು ಹಸಿರಿಗೇ ಎಷ್ಟೊಂದು ಹಸಿರು. ಅಂಗಡಿಯವರು ಸೀರೆಯ ಸೆರಗನ್ನೂ ಸುರುಳಿಯನ್ನೂ ಹಿಡಿದುಕೊಂಡು ಅಂಗಡಿಯಿಂದ ಇಳಿದು ಬೀದಿಗೆ ಬಂದು ಬಿಸಿಲಿನಲ್ಲಿ ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ಕಂಪನಿ ಬಸ್ಸುಗಳು ಹಾರನ್ ಹೊಡೆದರೂ ಕದಲುವುದಿಲ್ಲ. "ಟ್ಯೂಬ್‌ಲೈಟಲ್ಲಿ ನೋಡಿದ್ರೆ ಎಲ್ಲಾ ಮ್ಯಾಚಿಂಗೇ ಕಣಮ್ಮಾ. ಬಿಸಿಲಿಗೆ ಹಿಡಿದ್ರೆ ಗೊತ್ತಾಗ್ತದೆ" ಎನ್ನುವುದು ಅವರ ಮಾತು. ಇನ್ನೂ ಒಂದು ಮಾತು ಹೇಳುತ್ತಾರೆ. "ಸೀರೆ ಏನಾದ್ರೂ ಇರ್ಲಿ, ಮುಖದ ಪಕ್ಕ ಕೂರೋದು ರವಿಕೆ. ಅದು ಮುಖ ಎತ್ಕೊಡಬೇಕು."

ಇದೇ ಮಾತನ್ನು ಪ್ಯಾರಿಸಿನಲ್ಲಿ ಒಬ್ಬರು ಒಂದು ದಪ್ಪ ಪುಸ್ತಕವಾಗಿ ಬರೆದರು. ಗೋಬೆಲಿನ್ ಎಂಬ ಹೆಸರಾಂತ ಚಿತ್ರಗಂಬಳಿ ನೇಯುವ ಕಾರ್ಖಾನೆಗೆ 1824ರಲ್ಲಿ ಬಣ್ಣದ ಮನೆಯ ಮುಖ್ಯಸ್ಥರಾಗಿ ಹೋದ ಮಿಶೆಲ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ. ಹೋದಾಗ ನೇಯುವವರ ದೂರೊಂದು ಕಾದಿತ್ತು: ನೀಲಿ, ನೇರಳೆಗಳ ನೆರಳಿಗೆ ಹಾಕುವ ಕಪ್ಪು ನೂಲಿನಲ್ಲಿ ಕಪ್ಪೇ ಇಲ್ಲ, ಬಣ್ಣ ಸರಿಯಾಗಿ ಹಿಡಿದಿಲ್ಲ ಎಂದು. ಪರೀಕ್ಷೆ ಮಾಡಿದರೆ ನೂಲಿನ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದ ನೀಲಿಯೇ ಕಪ್ಪಿನ ಕಸುವನ್ನು ಹೀರುತ್ತಿತ್ತು. ಒಂದು ಬಣ್ಣ ಹೇಗೆ ಕಾಣುತ್ತದೆ ಎನ್ನುವುದನ್ನು ನೆರೆಯ ಬಣ್ಣ ತೀರ್ಮಾನಿಸುತ್ತದೆ ಎಂದು ಅವರು 1839ರಲ್ಲಿ ಪುಸ್ತಕ ಹೊರತಂದರು. ಅದರಲ್ಲಿ ಯಾವ ಕೂದಲಿಗೆ, ಯಾವ ಮೈಬಣ್ಣಕ್ಕೆ ಯಾವ ಉಡುಪು ಎಂಬ ವಿಚಾರವೂ ಇದೆ. ಕಾಂಟ್ರಾಸ್ಟ್ ಬ್ಲೌಸ್ ಎಂದು ನಮ್ಮೂರ ಹುಡುಗಿಯರು ದಿನಕ್ಕೆ ಹತ್ತು ಸಲ ಹೇಳುವ ಮಾತಿನ ಹಿಂದೆ ಆ ಮುದುಕರಿದ್ದಾರೆ. ಮುದುಕರೆಂದರೆ ಸುಮ್ಮನೆ ಅಲ್ಲ, 1786ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ನೂರೆರಡು ವರ್ಷ. ಬಣ್ಣದ ಜೊತೆ ಬಾಳಿದವರಿಗೆ ಆಯಸ್ಸು ಗಟ್ಟಿ ಎಂದು ನಾನು ಸೀರೆ ಕೊಳ್ಳುವಾಗ ಮನೆಯಲ್ಲಿ ವಾದಿಸುವುದುಂಟು.

ಈಗ ಮುಖದ ವಿಚಾರಕ್ಕೆ ಬನ್ನಿ. ಪ್ರಾಯದಲ್ಲಿ ಮುಖವೇ ತನ್ನಷ್ಟಕ್ಕೆ ಒಂದು ಕಾಂಟ್ರಾಸ್ಟ್. ಕಪ್ಪು ಕೂದಲು, ಕಪ್ಪು ಹುಬ್ಬು, ಕಣ್ಣಿನ ಬಿಳುಪು, ತುಟಿಯ ಕೆಂಪು. ವಯಸ್ಸಾದಂತೆ ಕೂದಲ ಬುಡದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳು ಕೆಲಸ ನಿಲ್ಲಿಸುತ್ತವೆ, ಹುಬ್ಬು ತೆಳುವಾಗುತ್ತದೆ, ತುಟಿಯ ಕೆಂಪು ಇಳಿಯುತ್ತದೆ, ಕಣ್ಣಿನ ಬಿಳುಪು ಮಂಕಾಗುತ್ತದೆ. ಮುಖದ ಎಲ್ಲ ಬಣ್ಣಗಳೂ ಒಂದರ ಹತ್ತಿರ ಒಂದು ಸರಿಯುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ರಸೆಲ್ ಮತ್ತವರ ಫ್ರೆಂಚ್ ಜೊತೆಗಾರರು 2013ರಲ್ಲಿ ಇದನ್ನು ಅಳೆದು ತೋರಿಸಿದರು: ಮುಖದ ಈ ಅಂತರ ವಯಸ್ಸಿನ ಜೊತೆ ಇಳಿಯುತ್ತದೆ, ಮತ್ತು ಎದುರಿನವರು ನಮ್ಮ ವಯಸ್ಸನ್ನು ಅಂದಾಜು ಮಾಡಲು ಅದನ್ನೇ ಗುರುತಾಗಿ ಹಿಡಿಯುತ್ತಾರೆ. ಮುಂದೆ ಚೀನಾ, ಲ್ಯಾಟಿನ್ ಅಮೆರಿಕ, ದಕ್ಷಿಣ ಆಫ್ರಿಕಾದ ಹೆಂಗಸರಲ್ಲೂ ಹೀಗೇ ಎಂದು ಕಂಡುಕೊಂಡರು.

ಅದನ್ನು ಓದಿದಾಗ ನನಗೆ ನೆನಪಾದದ್ದು ಕುಂಕುಮ. ಹಣೆಗೆ ಕಾಸಗಲದ ಕೆಂಪು, ಕಣ್ಣಿಗೆ ಕಾಡಿಗೆ, ಮೂಗಿಗೆ ಹೊಳೆಯುವ ಬೇಸರಿ, ಕೆನ್ನೆಗೆ ಅರಿಶಿನ, ಮುಡಿಗೆ ಬಿಳಿ ಮಲ್ಲಿಗೆ. ನಮ್ಮ ಹಿರಿಯ ಹೆಂಗಸರ ಅಲಂಕಾರವೆಲ್ಲ ಮುಖದ ಅಂತರವನ್ನು ಹೆಚ್ಚಿಸುವ ಉಪಾಯವೇ. ಎಪ್ಪತ್ತರ ಮುತ್ತೈದೆ ಈ ಸರಂಜಾಮು ಹೊತ್ತು ನಗುತ್ತ ಬಂದರೆ ಕಳೆಕಳೆಯಾಗಿರುತ್ತಾಳೆ. ಅದೇ ಎಪ್ಪತ್ತರ ಅವಳ ಓರಗಿತ್ತಿ, ಗಂಡ ಹೋದವಳು, ಪಕ್ಕದಲ್ಲಿ ನಿಂತರೆ ಹತ್ತು ವರ್ಷ ದೊಡ್ಡವಳಂತೆ ಕಾಣುತ್ತಾಳೆ. ದುಃಖದಿಂದ ಇಳಿದುಹೋಗಿದ್ದಾಳೆ ಎಂದು ನಾವು ಹೇಳಿಕೊಳ್ಳುತ್ತೇವೆ. ದುಃಖವೂ ಇರಬಹುದು. ಆದರೆ ಹಣೆ, ಕಣ್ಣು, ಮುಡಿ, ಕೊರಳು ಎಲ್ಲದರಿಂದ ಬಣ್ಣ ತೆಗೆದು ಮೇಲೊಂದು ಬಿಳಿ ಸೀರೆ ಸುತ್ತಿದ ಮೇಲೆ ಇಪ್ಪತ್ತರ ಹುಡುಗಿಯೂ ಹಾಗೆಯೇ ಕಾಣುತ್ತಾಳೆ. ಮುಖ ತನ್ನ ಬಣ್ಣವನ್ನು ಕಳೆದುಕೊಳ್ಳುತ್ತಿರುವ ಹೊತ್ತಿಗೇ ಊರು ಬಂದು ಮಿಕ್ಕ ಬಣ್ಣವನ್ನೂ ಎತ್ತಿಕೊಂಡು ಹೋಗುತ್ತದೆ. ಆಮೇಲೆ "ಪಾಪ, ವಯಸ್ಸಾಯ್ತು" ಎನ್ನುತ್ತದೆ.

ಮೈಬಣ್ಣ ನೋಡಿ ಜನರನ್ನು ವಸಂತ, ಗ್ರೀಷ್ಮ, ಶರತ್ತು, ಹೇಮಂತ ಎಂದು ನಾಲ್ಕು ಋತುಗಳಾಗಿ ಭಾಗಿಸಿ, ಇಂಥವರಿಗೆ ಇಂಥ ಬಣ್ಣ ಎಂದು ಹೇಳುವ ಒಂದು ಪದ್ಧತಿ ಅಮೆರಿಕದಲ್ಲಿ 1980ರ ಸುಮಾರಿಗೆ ಬಹಳ ಜನಪ್ರಿಯವಾಯಿತು. ಚಿನ್ನದ ಕೂದಲು, ನೀಲಿ ಕಣ್ಣು ಇರುವವರಿಗೆ ಹೇಳಿ ಮಾಡಿಸಿದ ಲೆಕ್ಕ ಅದು. ಕಪ್ಪು ಕೂದಲು ಕಪ್ಪು ಕಣ್ಣಿನ ನಮ್ಮನ್ನು ಆ ಲೆಕ್ಕಕ್ಕೆ ಹಾಕಿದರೆ ವೇಮಗಲ್ಲಿನಿಂದ ಸೀತಿ ಬೆಟ್ಟದವರೆಗೆ ಸಿಗುವವರೆಲ್ಲ ಹೆಚ್ಚುಕಡಿಮೆ ಹೇಮಂತ ಋತುವೇ. ಮಾರ್ಚ್ ತಿಂಗಳಲ್ಲೇ ಬಾವಿ ತಳ ಕಾಣುವ ಸೀಮೆಯಲ್ಲಿ ಹೇಮಂತ! ಅದನ್ನು ಬಿಟ್ಟುಬಿಡೋಣ.

ಮುಖದ್ದು ಅರ್ಧ ಕತೆ. ಇನ್ನರ್ಧ ಕಣ್ಣಿನದು, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಣ್ಣೊಳಗಿನ ಮಸೂರ ವಯಸ್ಸಾದಂತೆ ಹಳದಿಗಟ್ಟುತ್ತದೆ. ನೀಲಿ ಬೆಳಕನ್ನು ಅದು ತಡೆಯುತ್ತದೆ. ಪಾಪೆಯೂ ಕಿರಿದಾಗುತ್ತದೆ. ಇಪ್ಪತ್ತರ ಕಣ್ಣಿನ ಪರದೆಗೆ ಬೀಳುವ ಬೆಳಕಿನಲ್ಲಿ ಮೂರನೆಯ ಒಂದು ಪಾಲು ಮಾತ್ರ ಅರವತ್ತರ ಕಣ್ಣಿಗೆ ದಕ್ಕುತ್ತದೆ ಎನ್ನುತ್ತಾರೆ ಕಣ್ಣಿನ ಶಾಸ್ತ್ರದವರು. ನೇವಿ ಬ್ಲೂ ಯಾವುದು, ಕಪ್ಪು ಯಾವುದು, ಕಾಫಿಪುಡಿ ಯಾವುದು ಎಂದು ಸಂಜೆ ಹೊತ್ತು ತಿಳಿಯದೆ ಹಿರಿಯರು ಕಿಟಕಿ ಹತ್ತಿರ ಬಟ್ಟೆ ಒಯ್ಯುವುದು ಅದಕ್ಕೇ. ಈ ಬದಲಾವಣೆ ಇಷ್ಟು ನಿಧಾನವಾಗಿ ಆಗುವುದರಿಂದ ಆಗುತ್ತಿದೆ ಎಂದೇ ಅವರಿಗೆ ಗೊತ್ತಾಗುವುದಿಲ್ಲ. ಬಣ್ಣ ಕಮ್ಮಿ ಕಾಣುವ ಕಣ್ಣಿಗೆ ನಾವು ಕೊಡುವುದು ಬಣ್ಣ ಕಮ್ಮಿ ಇರುವ ಸೀರೆ. ಬಿಸ್ಕತ್ತಿಗೂ ಗಂಧಕ್ಕೂ ಇರುವ ವ್ಯತ್ಯಾಸ ಕೊಂಡು ತಂದ ಸೊಸೆಗೆ ಕಾಣುತ್ತದೆ, ಉಡುವ ಅತ್ತೆಗೆ ಎರಡೂ ಒಂದೇ.

ನನ್ನ ಸೋದರತ್ತೆಗೆ ಟಮಕದ ಆಸ್ಪತ್ರೆಯಲ್ಲಿ ಪೊರೆ ಆಪರೇಶನ್ ಆಯಿತು. ಕೋಲಾರದ ಹೊರಗಿರುವ ಆ ದೊಡ್ಡಾಸ್ಪತ್ರೆಗೆ ಈ ಕಡೆಯ ಅರ್ಧ ಜಿಲ್ಲೆಯ ಅಜ್ಜಿ ತಾತಂದಿರ ಕಣ್ಣು ಹೋಗಿಬಂದಿದೆ. ಪಟ್ಟಿ ಬಿಚ್ಚಿ ಮನೆಗೆ ಬಂದ ಅತ್ತೆ ಜಗಲಿಯಲ್ಲಿ ಕೂತು ಮೊದಲು ಹೇಳಿದ್ದು ಬಕೆಟ್ಟಿನ ವಿಚಾರ. ನೀರು ಕಾಯಿಸುವ ಒಲೆಯ ಪಕ್ಕದ ಪ್ಲಾಸ್ಟಿಕ್ ಬಕೆಟ್. "ಇದನ್ನ ಯಾವಾಗ ತಂದ್ರಿ? ಇಷ್ಟು ನೀಲಿ ಇರೋದು?" ಬಕೆಟ್ ವರ್ಷಗಳಿಂದ ಅಲ್ಲೇ ಇತ್ತು. ಆಮೇಲೆ ಬೀರು ತೆಗೆಸಿ ಸೀರೆಗಳನ್ನು ಒಂದೊಂದಾಗಿ ಮಂಚದ ಮೇಲೆ ಹಾಕಿಸಿದರು. ಗಂಡ ಹೋದ ಮೇಲೆ ಹಬ್ಬ ಹುಣ್ಣಿಮೆಗೆ ಎಲ್ಲರೂ ಕೊಡಿಸಿದ ಸೀರೆಗಳು. ಅಷ್ಟನ್ನೂ ನೋಡಿ, "ಎಲ್ಲರೂ ಸೇರಿ ನಂಗೆ ಒಂದೇ ಸೀರೆ ಕೊಡ್ಸವ್ರೆ ಕಣೇ" ಎಂದರು. ಫ್ರಾನ್ಸಿನ ಚಿತ್ರಕಾರ ಮೋನೆ 1923ರಲ್ಲಿ ಇದೇ ಆಪರೇಶನ್ ಮಾಡಿಸಿಕೊಂಡು, ಎಲ್ಲವೂ ಅತಿಯಾಗಿ ನೀಲಿ ಕಾಣುತ್ತದೆ ಎಂದು ಡಾಕ್ಟರರನ್ನು ಗೋಳಾಡಿಸಿದ್ದರಂತೆ. ಅತ್ತೆ ಗೋಳಾಡಲಿಲ್ಲ. ಬಕೆಟ್ಟನ್ನು ಉಜ್ಜಿಸಿ ಎದುರಿಗಿಡಿಸಿಕೊಂಡರು.

ಅತ್ತೆ ಬಣ್ಣ ತಿಳಿಯದವರಲ್ಲ. ರೇಷ್ಮೆ ಹುಳು ಸಾಕಿದ ಕೈ. ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿದ್ದ ಹುಳು ಮೇವು ಬಿಟ್ಟು, ಮೈ ತಿಳಿಯಾಗಿ, ಹಳದಿ ಬೆಳಕು ಒಳಗಿಂದ ತೋರತೊಡಗಿದರೆ ಅದು ಹಣ್ಣಾಯಿತು ಎಂದು ಎತ್ತಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಒಂದು ಗಳಿಗೆ ಹೆಚ್ಚುಕಮ್ಮಿಯಾದರೆ ನೂಲು ತಟ್ಟೆಯಲ್ಲೇ ದಂಡ. ಸಾವಿರಾರು ಹುಳುಗಳಲ್ಲಿ ಹಣ್ಣಾದದ್ದನ್ನು ಬುಡ್ಡಿ ದೀಪದ ಬೆಳಕಿನಲ್ಲಿ ಆರಿಸುತ್ತಿದ್ದ ಕಣ್ಣು ಅದು. ಆಗಿನ ಗೂಡು ಈಗಿನ ಬೈವೋಲ್ಟಿನ್ ತಳಿಯ ಗೂಡಿನಂತೆ ಬೆಳ್ಳಗಿರುತ್ತಿರಲಿಲ್ಲ. ಮೈಸೂರು ತಳಿಯದು ಹಸಿರು ಮಿಶ್ರಿತ ಹಳದಿ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಈಗಲೂ ಮಿಶ್ರತಳಿಯ ಗೂಡು ಆ ಬಣ್ಣದಲ್ಲಿ ರಾಶಿ ಬಿದ್ದಿರುತ್ತದೆ. ಆದರೆ ಆ ಹಳದಿ ಇರುವುದು ನೂಲಿನ ಮೇಲಿನ ಅಂಟಿನಲ್ಲಿ. ಸೋಪು ನೀರಿನಲ್ಲಿ ಕುದಿಸಿದರೆ ಅಂಟು ಬಿಡುತ್ತದೆ, ಜೊತೆಗೆ ಬಣ್ಣವೂ. ಉಳಿದ ಬಿಳಿ ಎಳೆಗೆ ಕಂಚಿಯವರು, ಧರ್ಮಾವರದವರು, 1912ರಿಂದ ಮೈಸೂರಿನ ಕಾರ್ಖಾನೆಯವರು ತಮಗೆ ಬೇಕಾದ ಬಣ್ಣ ಹಾಕುತ್ತಾರೆ. ಜೀವಮಾನವಿಡೀ ರೇಷ್ಮೆ ಬೆಳೆದ ಮನೆಯ ಹೆಂಗಸಿಗೆ ಕೊನೆಗೆ ಸಿಂಥೆಟಿಕ್ ಬಿಸ್ಕತ್ ಸೀರೆ. ಇದಕ್ಕೆ ನನ್ನಲ್ಲಿ ವಿವರಣೆ ಇದೆ, ಕ್ಷಮೆ ಇಲ್ಲ.

ಗಂಡಸರದ್ದು ಸುಖದ ಜೀವನ ಎಂದುಕೊಳ್ಳಬೇಡಿ. ಅವರಿಗೂ ಇಳಿಜಾರು ಇದೆ, ಅದು ಬಿಳಿ ಪಂಚೆ ಬಿಳಿ ಅಂಗಿಗೆ ಬಂದು ನಿಲ್ಲುತ್ತದೆ. ನಮ್ಮ ಸೀಮೆ ಕೊಟ್ಟ ಇಬ್ಬರು ಹಿರಿಯರು, 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ, 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿ. ಶಾಲೆಯ ಗೋಡೆಯ ಮೇಲೆ ಇಬ್ಬರನ್ನೂ ಕಪ್ಪುಬಿಳುಪು ಫೋಟೊಗಳಲ್ಲೇ ನೋಡಿ ಬೆಳೆದ ನಮಗೆ, ದೊಡ್ಡವರಾಗುವುದೆಂದರೆ ಬಣ್ಣ ಬಿಡುವುದು ಎಂದು ಮನಸ್ಸಿಗೆ ಹತ್ತಿಬಿಟ್ಟಿದೆ. ಅವರ ಕೋಟುಗಳಿಗೆ ಬಣ್ಣವಿದ್ದೇ ಇದ್ದಿತು, ಇಲ್ಲದ್ದು ಕ್ಯಾಮೆರಾಕ್ಕೆ. ಇನ್ನು ತಲೆಗೆ ಮೆಹೆಂದಿ ಹಚ್ಚುವ ನಮ್ಮೂರ ನಿವೃತ್ತರು. ಕೂದಲು ಕಿತ್ತಳೆಯಾಗುತ್ತದೆ, ಅಂಗಿ ಮಾತ್ರ ಅದೇ ಕ್ರೀಮ್ ಕಲರ್. ಇಡೀ ಮನುಷ್ಯನಲ್ಲಿ ಎದ್ದು ಕಾಣುವುದು ಮೆಹೆಂದಿಯೊಂದೇ. ಒಂದು ಗಾಢ ನೀಲಿ ಅಂಗಿ ತೊಟ್ಟರೆ ಕಿತ್ತಳೆಗೂ ಒಂದು ಮರ್ಯಾದೆ ಬರುತ್ತದೆ. ಹೇಳಿದರೆ ಕೇಳುವವರಾರು? "ಈ ವಯಸ್ಸಲ್ಲಿ ಏನ್ ಶೋಕಿ ಟೀಚರಮ್ಮ" ಎಂದು ನಕ್ಕುಬಿಡುತ್ತಾರೆ. ಕೂದಲಿಗೆ ಹಚ್ಚುವಾಗ ಶೋಕಿ ಎನಿಸದ್ದು ಅಂಗಿಗೆ ಎನಿಸುತ್ತದೆ!

ಆದರೂ ಜನ ಮಹಾ ಉಪಾಯಗಾರರು. ಮುಂಬಾಗಿಲಿನಿಂದ ಬಿಡದ ಬಣ್ಣ ನಮ್ಮ ಜಿಲ್ಲೆಯಲ್ಲಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದಿದೆ, ಒಂದೆರಡು ಕಡೆಯಿಂದಲ್ಲ.

ಮೊದಲು ಹಸಿರು ಟವೆಲ್ಲು. ಅದನ್ನು ಹೆಗಲಿಗೇರಿಸಿದ ರೈತ ಸಂಘ ಹುಟ್ಟಿದ್ದು 1980ರಲ್ಲಿ. ಅದಕ್ಕೆ ಮುಂಚೆ ಅರವತ್ತೈದರ ಗೌಡರೊಬ್ಬರು ಹೆಗಲ ಮೇಲೆ ಗಿಳಿಹಸಿರು ಬಟ್ಟೆ ಹಾಕಿಕೊಂಡು ವೇಮಗಲ್ ಸರ್ಕಲ್ಲಿಗೆ ಬಂದಿದ್ದರೆ ಟೀ ಅಂಗಡಿಯವರು ಒಂದು ವಾರ ನಗುತ್ತಿದ್ದರು. ಈಗ ನೀರಿಗಾಗಿ ಧರಣಿ ಕೂತ ಎಪ್ಪತ್ತೈದರ ತಾತನ ಹೆಗಲ ಮೇಲೂ ಅದಿದೆ, ಬಿಳಿ ಗಡ್ಡ, ಕಪ್ಪು ಮುಖ, ಹಸಿರು ಬಟ್ಟೆ. ಮೂರೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ಶೆವ್ರಲ್ ನೋಡಿದ್ದರೆ ತಲೆದೂಗುತ್ತಿದ್ದರು. ಇನ್ನು ಅಯ್ಯಪ್ಪನ ಮಾಲೆ. ಕಾರ್ತಿಕ ಬಂತೆಂದರೆ, ಮನೆಯಲ್ಲಿ ಕಪ್ಪು ಅಪಶಕುನ ಎಂದು ಮಗಳಿಗೆ ಕಪ್ಪು ಚೂಡಿದಾರ ಕೊಡಿಸದ ಅಪ್ಪನೂ ನಲವತ್ತೊಂದು ದಿನ ಕಪ್ಪು ಅಂಗಿ, ಕಪ್ಪು ಪಂಚೆಯಲ್ಲಿ ಓಡಾಡುತ್ತಾನೆ. ಚೆನ್ನಾಗಿಯೇ ಕಾಣುತ್ತಾನೆ.

ಹೆಂಗಸರ ಬಾಗಿಲು ಓಂಶಕ್ತಿ. ಡಿಸೆಂಬರ್, ಜನವರಿಯಲ್ಲಿ ಕೋಲಾರ, ಮಾಲೂರು, ಬಂಗಾರ­ಪೇಟೆಯ ಯಾವ ಊರಿಗೆ ಹೋದರೂ ಕೆಂಪು ಸೀರೆ, ಕೆಂಪು ರವಿಕೆಯ ಹೆಂಗಸರ ಗುಂಪು ಬಸ್ಸು ಹತ್ತುತ್ತಿರುತ್ತದೆ. ತಮಿಳುನಾಡಿನ ಮೇಲ್‌ಮರುವತ್ತೂರಿನ ಆದಿಪರಾಶಕ್ತಿಗೆ ಮಾಲೆ ಹಾಕಿ, ಇರುಮುಡಿ ಹೊತ್ತು ಹೊರಟವರು. ಚುನಾವಣೆ ಹತ್ತಿರವಿದ್ದರೆ ಬಸ್ಸಿನ ಖರ್ಚನ್ನು ಯಾರಾದರೂ ನಾಯಕರು ಹೊರುವುದೂ ಉಂಟು. 2023ರಲ್ಲಿ ತೀರಿಕೊಂಡ ಬಂಗಾರು ಅಡಿಗಳಾರ್ ಕಟ್ಟಿದ ಆ ಪೀಠದಲ್ಲಿ ಹೆಂಗಸರೇ ಗರ್ಭಗುಡಿಯೊಳಗೆ ಹೋಗಿ ಪೂಜೆ ಮಾಡಬಹುದು, ಮುಟ್ಟಿನ ಅಡ್ಡಿಯೂ ಇಲ್ಲ. ಗಂಡನಿದ್ದವಳು, ಇಲ್ಲದವಳು ಎಂಬ ವಿಂಗಡಣೆ ಆ ಬಸ್ಸಿನಲ್ಲಿಲ್ಲ. ಹದಿನಾರರ ಹುಡುಗಿ, ನಲವತ್ತರ ಅವಳಮ್ಮ, ಎಪ್ಪತ್ತರ ಅವ್ವ, ಎಲ್ಲರಿಗೂ ಒಂದೇ ಕೆಂಪು. ಅದೂ ಹೆದರಿ ಹೆದರಿ ಹಾಕಿದ ಮರೂನ್ ಅಲ್ಲ, ಮೆಣಸಿನಕಾಯಿಯ ಕೆಂಪು. ಭಕ್ತಿಯ ವಿಚಾರದಲ್ಲಿ ನಾನು ಸ್ವಲ್ಪ ಹಿಂದೆ. ಬಸ್ ಸ್ಟಾಂಡಿನಲ್ಲಿ ನಿಂತು ನೋಡುವಾಗ ಕಾಣುವುದೇ ಬೇರೆ: ಆ ಕೆಂಪು ಹದಿನಾರರವಳ ಮೇಲೆ ಸುಮ್ಮನೆ ಕೂತಿರುತ್ತದೆ, ಎಪ್ಪತ್ತರವಳ ಬೆಳ್ಳಿ ತಲೆ, ಸುಕ್ಕು ಮುಖದ ಪಕ್ಕ ಅದಕ್ಕೆ ಜೀವ ಬರುತ್ತದೆ. ನಮ್ಮೂರಲ್ಲಿ ಮಾಲೆ ತೆಗೆದ ಮೇಲೂ ಆ ಸೀರೆಯನ್ನು ಬಿಡದ ವಿಧವೆಯರಿದ್ದಾರೆ. ಕೇಳಿದರೆ "ಅಮ್ಮನ ಸೀರೆ, ಸುಮ್ನೆ ಮಡಚಿಡಬಾರ್ದು" ಎನ್ನುತ್ತಾರೆ. ಯಾರಿಗಾದರೂ ಎದುರಾಡುವ ಧೈರ್ಯವಿದೆಯೇ?

ಸರ್ಕಾರ ತಿಳಿದೋ ತಿಳಿಯದೆಯೋ ಒಂದು ಬಾಗಿಲು ತೆರೆದಿದೆ. ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆ. ಮೂವತ್ತರವರಿಗೂ ಐವತ್ತೈದರವರಿಗೂ ಅದೇ ಗುಲಾಬಿ. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಗೌರವಧನಕ್ಕಾಗಿ ಕೂತಾಗ ಇಡೀ ಮೈದಾನ ಗುಲಾಬಿಯಾಗಿತ್ತು. ಅದರಲ್ಲಿ ಯಾರಿಗೆ ಎಷ್ಟು ವಯಸ್ಸು ಎಂದು ಹುಡುಕುವುದು ಕಷ್ಟ. ನಮ್ಮ ಬೀದಿಗೆ ಬರುವ ಆಶಾ ಒಬ್ಬರು, ಯೂನಿಫಾರ್ಮ್ ಇರದಿದ್ದರೆ ಈ ಬಣ್ಣ ಉಡುತ್ತಿದ್ದಿರಾ ಎಂದಿದ್ದಕ್ಕೆ, "ಅಯ್ಯೋ, ನಮ್ಮತ್ತೆ ಬಿಡ್ತಿದ್ರಾ ಮೇಡಂ" ಎಂದರು. ಅತ್ತೆಯ ಬಾಯಿ ಮುಚ್ಚಿಸಲು ಸರ್ಕಾರದ ಆದೇಶ ಬೇಕಾಯಿತು. ಊರೂ ಬದಲಾಗುತ್ತಿದೆ: ಈಚೆಗೆ ಪಕ್ಕದಲ್ಲೇ ಕೈಗಾರಿಕಾ ಪ್ರದೇಶ ಎದ್ದಿದೆ. ಹೆಲಿಕಾಪ್ಟರ್ ಜೋಡಿಸಲು ಟಾಟಾ ಮತ್ತು ಏರ್‌ಬಸ್ ಆರಿಸಿಕೊಂಡ ಊರು ನಮ್ಮದೇ ಎಂದು 2025ರಲ್ಲಿ ಪೇಪರಿನಲ್ಲಿ ಬಂತು. ಊರ ಮೇಲೆ ಹೆಲಿಕಾಪ್ಟರ್ ಹಾರಲಿದೆ, ಊರೊಳಗೆ ಅಜ್ಜಿ ಸೀರೆಗೆ ಇನ್ನೂ ಕೆಳಗಿನ ಗೂಡೇ.

ನಾನು ಏನು ಮಾಡುತ್ತೇನೆ ಎಂದು ಕೇಳುತ್ತೀರಿ. ತೀರಾ ಎಳೆಯ ತಿಳಿಬಣ್ಣಗಳು ಈಗ ನನಗೆ ಆಗುವುದಿಲ್ಲ. ಮಂಜು ಮಂಜಾದ ಪಿಂಕು, ಪಿಸ್ತಾ ಹಸಿರು ಉಟ್ಟರೆ ಶಾಲೆಯಲ್ಲಿ "ಹುಷಾರಿಲ್ವಾ ಮಿಸ್" ಎಂದು ಮಕ್ಕಳು ಕೇಳುತ್ತಾರೆ. ಮಕ್ಕಳಿಗಿಂತ ಒಳ್ಳೆಯ ಕನ್ನಡಿ ಇಲ್ಲ. ಅಚ್ಚ ಕಪ್ಪೂ ಕಷ್ಟ, ಕಣ್ಣ ಕೆಳಗಿನ ಕಪ್ಪನ್ನು ಕರೆದು ತೋರಿಸುತ್ತದೆ. ಕಾಲೇಜಿನಲ್ಲಿ ಎಂದೂ ಮುಟ್ಟದಿದ್ದ ಇಟ್ಟಿಗೆ ಕೆಂಪು, ನವಿಲು ಬಣ್ಣ, ಕಡು ಹಳದಿಗಳು ಕೂದಲು ನೆರೆತ ಮೇಲೆ ತಾವಾಗಿ ಹತ್ತಿರ ಬಂದಿವೆ. ಪ್ರಾಯದಲ್ಲಿ ಅವು ನನ್ನ ಕಪ್ಪು ಕೂದಲಿನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದವು. ಸೀರೆ ಅಷ್ಟು ಗಟ್ಟಿಯಾಗಿ ಬೇಡ ಎನ್ನುವ ದಿನ ರವಿಕೆಯಾದರೂ ಗಟ್ಟಿ ಇರುತ್ತದೆ. ಇದನ್ನು ನಮ್ಮ ಅತ್ತಿಗೆಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಎಲ್ಲಾ ಸರಿ ಕಣಮ್ಮ, ನಿನ್ನ ಮಗನ ಮದುವೆ ಆಗಲಿ, ಆಮೇಲೆ ನೋಡಾಣ" ಎಂದರು. ಆ ಮಾತಿಗೆ ಉತ್ತರ ರಸೆಲ್ ಬಳಿಯೂ ಇಲ್ಲ, ಶೆವ್ರಲ್ ಬಳಿಯೂ ಇಲ್ಲ.

ಅತ್ತೆಯ ಬೀರುವಿನಲ್ಲಿ ಆ ಮಾಸಲು ಕಟ್ಟಿನ ಕೆಳಗೆ ಒಂದು ಸೀರೆ ಬಿಳಿ ಪಂಚೆಯಲ್ಲಿ ಸುತ್ತಿಟ್ಟಿತ್ತು. ಆನಂದ ನೀಲಿ ಬಣ್ಣದ ಧರ್ಮಾವರಂ, ಅಂಗೈಯಗಲ ಜರಿ. ನಮ್ಮ ಮಾವ ಇದ್ದಾಗ ಕೊಡಿಸಿದ್ದು. ಹೋಗುವಾಗ ಮೈಮೇಲೆ ಹಾಕಲಿ ಎಂದು ತಾವೇ ಎತ್ತಿಟ್ಟುಕೊಂಡಿದ್ದರಂತೆ. ನಮ್ಮ ಕಡೆಯ ಎಷ್ಟೋ ಮುದುಕಿಯರ ಬೀರುವಿನಲ್ಲಿ ಇಂಥದ್ದೊಂದು ಇರುತ್ತದೆ. ಆಪರೇಶನ್ ಆದ ಕಣ್ಣಿಗೆ ಅದನ್ನು ಹಿಡಿದು ಬಿಸಿಲಿಗೆ ತಂದು ತಿರುಗಿಸಿ ಮುರುಗಿಸಿ ನೋಡಿದರು. ಸೊಸೆ ಅದನ್ನು ವಾಪಸ್ ಸುತ್ತಿಡಲು ಕೈ ಚಾಚಿದಳು.

"ಬೇಡ ಕೊಡಬೇಡ ಅವಳಿಗೆ" ಎಂದು ಸೀರೆಯನ್ನು ನನ್ನ ತೊಡೆಯ ಮೇಲೆ ಹಾಕಿದರು. "ಸತ್ತೋಳಿಗೆ ಯಾವ ಬಣ್ಣ ಆದ್ರೇನು, ಆ ಬಿಸ್ಕತ್ತಿಂದು ಹೊದಿಸ್ರಿ. ಇದನ್ನ ನಾನೇ ಉಟ್ಟು ಹರೀತೀನಿ. ನೀ ನಾಳೆ ಹೋಗುವಾಗ ತಗೊಂಡೋಗು, ಫಾಲ್ಸ್ ಬಿಚ್ಚೋಗೈತೆ. ರವಿಕೆ ಯಾವ್ದು ಹಾಕಿದ್ರೆ ಚಂದ ಅಂತ ನಿಮ್ಮೂರ ಅಂಗಡಿ ಆಯಪ್ಪನ್ನೇ ಕೇಳು. ಮ್ಯಾಚಿಂಗ್ ಬೇಡ. ಅದೇನೋ ಅಂತೀಯಲ್ಲ ನೀನು, ಅದನ್ನ ಹಾಕ್ಸು."